ಮತ ಬದಲಾಯಿತೇ, ಮತದಾರ ಬದಲಾದನೇ?

2024ರ ಮೇ 20ರಂದು ಥಾಣೆ ಲೋಕಸಭಾ ಕ್ಷೇತ್ರದ ಮತಯಂತ್ರದ ಮುಂದೆ ನಿಂತವನಿಗೆ ಒಂದು ವಿಚಿತ್ರವಾದ ಆಯ್ಕೆ ಎದುರಾಗಿತ್ತು. ಬಿಲ್ಲುಬಾಣದ ಶಿವಸೇನೆಯೋ, ಪಂಜಿನ ಶಿವಸೇನೆಯೋ? ಬಿಲ್ಲುಬಾಣದ ನರೇಶ್ ಮ್ಹಸ್ಕೆ ಎರಡು ಲಕ್ಷಕ್ಕೂ ಮಿಕ್ಕ ಅಂತರದಿಂದ ಗೆದ್ದರು. ಪಂಜು ಹಿಡಿದು ಸೋತವರು ರಾಜನ್ ವಿಚಾರೆ. 2014ರಲ್ಲೂ 2019ರಲ್ಲೂ ಇದೇ ಕ್ಷೇತ್ರದಿಂದ ಬಿಲ್ಲುಬಾಣದ ಗುರುತಿನಲ್ಲೇ ಆರಿಸಿಬಂದವರು. ಇನ್ನು ಐವತ್ತು ವರ್ಷಗಳ ಮೇಲೆ ಯಾರಾದರೂ ಚುನಾವಣಾ ಕೋಷ್ಟಕವನ್ನು ಬಿಡಿಸಿ ನೋಡಿದರೆ ಮೂರು ಸಾಲುಗಳಲ್ಲೂ ‘ಶಿವಸೇನೆ’ ಎಂಬ ಒಂದೇ ಪದ ಕಾಣುತ್ತದೆ. ಥಾಣೆಯಲ್ಲಿ ಏನೂ ಬದಲಾಗಲಿಲ್ಲವೆಂದು ಆತ ಪುಟ ಮಗುಚಬಹುದು.

ಅದೇ ಕೋಷ್ಟಕವನ್ನು ಇನ್ನಷ್ಟು ಹಿಂದಕ್ಕೆ ಓದಿದರೆ ಮತ್ತೊಂದು ಬಗೆಯ ಬೆರಗು ಕಾದಿರುತ್ತದೆ. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಬಿಸಿಯಲ್ಲಿ ನಡೆದ 1957ರ ಚುನಾವಣೆಯಲ್ಲಿ ಥಾಣೆಯಿಂದ ಲೋಕಸಭೆಗೆ ಹೋದವರು ಕಮ್ಯುನಿಸ್ಟ್ ನಾಯಕ ಶಾಮರಾವ್ ಪರುಳೇಕರ್. 1977ರಲ್ಲಿ ಗೆದ್ದವರು ಜನಸಂಘದ ಗರಡಿಯಲ್ಲಿ ಬೆಳೆದು ಜನತಾ ಪಕ್ಷದಿಂದ ನಿಂತ ರಾಮಭಾವು ಮ್ಹಾಳಗಿ. ಇಂದಿರಾ ಗಾಂಧಿಯವರ ಹತ್ಯೆಯ ಬೆನ್ನಿಗೆ ನಡೆದ 1984ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಶಾಂತಾರಾಮ್ ಘೋಲಪ್. 1989 ಮತ್ತು 1991ರಲ್ಲಿ ಭಾಜಪದ ಪ್ರೊ. ರಾಮ್ ಕಾಪ್ಸೆ. 1996ರಿಂದ ಸತತ ನಾಲ್ಕು ಸಲ ಶಿವಸೇನೆಯ ಪ್ರಕಾಶ್ ಪರಾಂಜಪೆ. ಕೆಂಬಾವುಟದಿಂದ ಕೇಸರಿಗೆ ಸಾಗಿದ ಈ ಪಯಣವನ್ನು ನೋಡಿ ‘ಥಾಣೆಯ ಮತದಾರ ಎಡದಿಂದ ಬಲಕ್ಕೆ ಹೊರಳಿದ’ ಎಂದು ಒಂದೇ ವಾಕ್ಯದಲ್ಲಿ ಷರಾ ಬರೆಯುವವರಿದ್ದಾರೆ. ಆ ಷರಾ ಓದಲು ಸುಲಭ, ಆದರೆ ನಿಜವಲ್ಲ. ಪರುಳೇಕರರಿಗೆ ಮತವಿತ್ತವರು ಬಹುಪಾಲು ಡಹಾಣು, ತಲಾಸರಿ ಕಡೆಯ ಕಾಡು ಮತ್ತು ಗದ್ದೆಗಳ ವಾರಲಿ ಆದಿವಾಸಿಗಳು, ರೈತರು. ಮ್ಹಾಳಗಿ, ಕಾಪ್ಸೆಯವರಿಗೆ ಮತವಿತ್ತವರು ಬೆಳಗಿನ ಲೋಕಲ್ ಗಾಡಿ ಹಿಡಿಯುವ ಗುಮಾಸ್ತರು. ಹೊರಳಿದ ಮನುಷ್ಯ ಅಲ್ಲಿ ಯಾರೂ ಇರಲಿಲ್ಲ; ಒಬ್ಬನ ಜಾಗದಲ್ಲಿ ಇನ್ನೊಬ್ಬ ಬಂದು ನಿಂತಿದ್ದ.

ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಕಾಣಬೇಕಾದರೆ ಒಮ್ಮೆ ಅಮೆರಿಕದತ್ತ ನೋಡುವುದು ಉಪಯುಕ್ತ. ಅಲ್ಲಿನ ಅಧ್ಯಕ್ಷೀಯ ಚುನಾವಣೆಯ ಮತಗಳನ್ನು ಕೌಂಟಿಗಳ ಲೆಕ್ಕದಲ್ಲಿ ಪ್ರಕಟಿಸುವ ಪದ್ಧತಿ ಇದೆ. ಕೌಂಟಿಯೆಂದರೆ ನಮ್ಮ ತಾಲ್ಲೂಕು, ಜಿಲ್ಲೆಗಳ ನಡುವಿನ ಒಂದು ಆಡಳಿತ ಘಟಕವೆನ್ನಬಹುದು. ಅದರ ಗಡಿ ನೂರಾರು ವರ್ಷ ಅಲುಗದೆ ನಿಂತಿರುವುದೇ ಹೆಚ್ಚು. ಹಾಗಾಗಿ ಒಂದೇ ನೆಲದ ಮತ ನೂರು ವರ್ಷಗಳಲ್ಲಿ ಹೇಗೆ ಸರಿಯಿತೆಂಬುದನ್ನು ಅಲ್ಲಿನ ವಿದ್ವಾಂಸರು ಬಣ್ಣ ಹಚ್ಚಿ ತೋರಿಸಬಲ್ಲರು. ಕೆಂಟಕಿ ರಾಜ್ಯದ ಎಲಿಯಟ್ ಎಂಬ ಪುಟ್ಟ ಕೌಂಟಿ 1869ರಲ್ಲಿ ಹುಟ್ಟಿತು. ಅಂದಿನಿಂದ 2012ರವರೆಗೆ ಪ್ರತಿಯೊಂದು ಅಧ್ಯಕ್ಷೀಯ ಚುನಾವಣೆಯಲ್ಲಿಯೂ ಅದು ಡೆಮಾಕ್ರಟಿಕ್ ಪಕ್ಷವನ್ನೇ ಬೆಂಬಲಿಸಿತು. 2016ರಲ್ಲಿ ಟ್ರಂಪ್ ಅವರಿಗೆ ಭಾರೀ ಬಹುಮತ ನೀಡಿತು. ಅಲ್ಲಿ ಹೊಸಬರು ಬಂದು ನೆಲೆಸಿದ್ದಿಲ್ಲ. ಏಳೆಂಟು ಸಾವಿರ ಜನರ ಅದೇ ಊರು, ಅದೇ ಮನೆತನಗಳು, ಮನಸ್ಸು ಬದಲಾಗಿತ್ತು. ರಾಜಧಾನಿ ವಾಷಿಂಗ್ಟನ್ನಿನ ಹೊರವಲಯದ ಲೌಡನ್ ಕೌಂಟಿಯ ಕಥೆಯೇ ಬೇರೆ. 1968ರಿಂದ 2004ರವರೆಗೆ ರಿಪಬ್ಲಿಕನ್ ಪಕ್ಷದ ಕೈಬಿಡದಿದ್ದ ಅದು 2008ರಲ್ಲಿ ಒಬಾಮಾ ಅವರ ಕಡೆ ತಿರುಗಿತು, ಮತ್ತೆ ಹಿಂದಿರುಗಲಿಲ್ಲ. 1980ರಲ್ಲಿ ಅಲ್ಲಿದ್ದದ್ದು 57 ಸಾವಿರ ಜನ. 2020ರಲ್ಲಿ ನಾಲ್ಕು ಲಕ್ಷ ದಾಟಿದರು. ಕುದುರೆ ಮೇಯುತ್ತಿದ್ದ ಹೊಲಗಳಲ್ಲಿ ಮನೆಗಳೆದ್ದವು, ಕಂಪ್ಯೂಟರ್ ಉದ್ಯೋಗಿಗಳು ಬಂದರು. ಅವರಲ್ಲಿ ಭಾರತೀಯರೂ ಬಹಳ. ನಮ್ಮ ಓದುಗರಲ್ಲಿ ಕೆಲವರ ಮಕ್ಕಳು ಮೊಮ್ಮಕ್ಕಳು ಅಂಥ ಊರುಗಳಲ್ಲೇ ಇದ್ದಾರು.

ಡೊಂಬಿವಲಿ ನಮ್ಮ ಪಾಲಿನ ಲೌಡನ್. 1961ರ ಜನಗಣತಿಯಲ್ಲಿ ಥಾಣೆ ಜಿಲ್ಲೆಯ ಒಟ್ಟು ಜನಸಂಖ್ಯೆ ಹದಿನಾರೂವರೆ ಲಕ್ಷ. 1991ಕ್ಕೆ 52 ಲಕ್ಷ. ಪಾಲ್ಘರ್ ಪ್ರತ್ಯೇಕ ಜಿಲ್ಲೆಯಾಗುವ ಮೊದಲಿನ ಕೊನೆಯ ಜನಗಣತಿ 2011ರದ್ದು. ಆಗ 1 ಕೋಟಿ 10 ಲಕ್ಷ, ದೇಶದ ಜಿಲ್ಲೆಗಳಲ್ಲೇ ಮೊದಲನೆಯ ಸ್ಥಾನ. ಗಿರ್‌ಗಾಂವ್, ದಾದರಿನ ಚಾಳುಗಳಲ್ಲಿ ಒಂದು ಕೋಣೆಯಲ್ಲಿ ಆರೆಂಟು ಮಂದಿ ಮಲಗುತ್ತಿದ್ದ ಮರಾಠಿ ಮಧ್ಯಮ ವರ್ಗ ಸ್ವಂತ ಮನೆಯ ಆಸೆಯಿಂದ ರೈಲುಹಳಿಯ ಗುಂಟ ಇಲ್ಲಿಗೆ ಬಂತು. ಬರುವಾಗ ತನ್ನ ವಾಚನಾಲಯ, ನಾಟ್ಯಗೃಹ, ಗಣೇಶೋತ್ಸವಗಳ ಜೊತೆ ಸಂಘದ ಶಾಖೆಯನ್ನೂ ಹೊತ್ತು ತಂದಿತು. ಜನಸಂಘದ ನೆಲೆ ಇಲ್ಲಿ ಗಟ್ಟಿಯಾದದ್ದು ಹಾಗೆ. ಅದೇ ಗಾಡಿಯಲ್ಲಿ ಅದೇ ಆಸೆ ಹೊತ್ತು ನಮ್ಮವರೂ ಬಂದರು. ಮುಂದೆ 1992-93ರ ಗಲಭೆಗಳ ನಂತರ ಮುಂಬಯಿಯ ಮುಸ್ಲಿಂ ಕುಟುಂಬಗಳು ಭದ್ರತೆಯನ್ನರಸಿ ಮುಂಬ್ರಾಕ್ಕೆ ಬಂದವು. 2009ರಿಂದ 2024ರವರೆಗೆ ಮುಂಬ್ರಾ-ಕಳವಾ ವಿಧಾನಸಭಾ ಕ್ಷೇತ್ರ ನಾಲ್ಕು ಬಾರಿಯೂ ಜಿತೇಂದ್ರ ಆವ್ಹಾಡರನ್ನೇ ಆರಿಸಿದೆ. ಅಷ್ಟೇ ಸಲ ಡೊಂಬಿವಲಿ ಭಾಜಪದ ರವೀಂದ್ರ ಚವ್ಹಾಣರನ್ನು ಆರಿಸಿದೆ. ಲೋಕಲ್ ಗಾಡಿಯಲ್ಲಿ ಕೆಲವೇ ನಿಮಿಷಗಳ ದಾರಿ. ಎರಡೂ ಕಡೆ ಯಾರ ಮನಸ್ಸೂ ಹೊರಳಿಲ್ಲ. ಯಾರು ಎಲ್ಲಿ ಮನೆ ಮಾಡಿದರೋ, ಮಾಡಬೇಕಾಯಿತೋ, ಅದರ ಫಲಿತಾಂಶವಷ್ಟೇ ಮತಪೆಟ್ಟಿಗೆಯಿಂದ ಹೊರಬಿದ್ದಿದೆ.

ಇನ್ನು ಕೆಲವು ಬದಲಾವಣೆಗಳಲ್ಲಿ ಮತದಾರನ ಪಾತ್ರವೇ ಇಲ್ಲ. 1996ರಲ್ಲಿ ಥಾಣೆ ಭಾಜಪದಿಂದ ಶಿವಸೇನೆಗೆ ‘ಹೋಯಿತು’ ಎಂದು ಕೋಷ್ಟಕ ಹೇಳುತ್ತದೆ. ವಾಸ್ತವದಲ್ಲಿ ಎರಡೂ ಪಕ್ಷಗಳು ಮೈತ್ರಿಯಲ್ಲಿದ್ದವು. ಆನಂದ್ ದಿಘೆಯವರ ಪಟ್ಟಿಗೆ ಮಣಿದು ಭಾಜಪ ತನ್ನ ಹಾಲಿ ಸದಸ್ಯರ ಸ್ಥಾನವನ್ನು ಮಿತ್ರಪಕ್ಷಕ್ಕೆ ಬಿಟ್ಟುಕೊಟ್ಟಿತು. ಕಾಪ್ಸೆಯವರಿಗೆ ಮತ ಹಾಕಿದ್ದವರಲ್ಲಿ ಹೆಚ್ಚಿನವರು ಮೈತ್ರಿಯ ಲೆಕ್ಕದಲ್ಲಿ ಪರಾಂಜಪೆಯವರಿಗೂ ಹಾಕಿದರು. ನವಿ ಮುಂಬಯಿಯಲ್ಲಿ ಇನ್ನೂ ಸ್ವಾರಸ್ಯವಿದೆ. ಗಣೇಶ್ ನಾಯಕ್ 1990ರಲ್ಲಿ ಶಿವಸೇನೆಯಿಂದ, 2004 ಮತ್ತು 2009ರಲ್ಲಿ ರಾಷ್ಟ್ರವಾದಿ ಕಾಂಗ್ರೆಸ್ಸಿನಿಂದ, 2019 ಮತ್ತು 2024ರಲ್ಲಿ ಭಾಜಪದಿಂದ ವಿಧಾನಸಭೆಗೆ ಆರಿಸಿಬಂದರು. 2024ರಲ್ಲಿ ಅವರು ಐರೋಲಿಯಲ್ಲಿ ಭಾಜಪದ ಅಭ್ಯರ್ಥಿಯಾಗಿದ್ದಾಗ ಪಕ್ಕದ ಬೇಲಾಪುರದಲ್ಲಿ ಅವರ ಮಗ ಸಂದೀಪ್ ನಾಯಕ್ ಭಾಜಪದ ಮಂದಾ ಮ್ಹಾತ್ರೆಯವರ ವಿರುದ್ಧ ಶರದ್ ಪವಾರರ ಪಕ್ಷದಿಂದ ನಿಂತಿದ್ದರು. ಸಿಡ್ಕೋ ಭೂಸ್ವಾಧೀನಕ್ಕೆ ಗದ್ದೆ ಕಳೆದುಕೊಂಡ ಆಗರಿ-ಕೋಳಿ ಗ್ರಾಮಗಳ ನೆಂಟಸ್ತಿಕೆ, ವಿಶ್ವಾಸ, ವೈರಗಳ ಲೆಕ್ಕ ಅರಿಯದವನಿಗೆ ಪಕ್ಷಗಳ ಹೆಸರಿನಿಂದ ಅಲ್ಲಿನ ರಾಜಕೀಯ ಏನೇನೂ ತಿಳಿಯದು.

ಗಡಿಯ ಮಾತಂತೂ ಕೇಳುವುದೇ ಬೇಡ. ದೇಶದಲ್ಲೇ ಅತಿ ಹೆಚ್ಚು ಮತದಾರರಿದ್ದ ಕ್ಷೇತ್ರಗಳಲ್ಲೊಂದಾಗಿದ್ದ ಹಳೆಯ ಥಾಣೆ 2009ರ ಚುನಾವಣೆಗೆ ಮುನ್ನ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಒಡೆಯಿತು. ಥಾಣೆ ನಗರದೊಡನೆ ಒಂದು ಕಡೆ ಮೀರಾ-ಭಾಯಂದರ್, ಇನ್ನೊಂದು ಕಡೆ ಐರೋಲಿ, ಬೇಲಾಪುರ ಸೇರಿ ಹೊಸ ಥಾಣೆಯಾಯಿತು. ಡೊಂಬಿವಲಿ, ಉಲ್ಲಾಸನಗರ, ಅಂಬರ್‌ನಾಥ್, ಮುಂಬ್ರಾ ಸೇರಿ ಕಲ್ಯಾಣ್ ಕ್ಷೇತ್ರ ಹುಟ್ಟಿತು. ಕಲ್ಯಾಣ್ ಪೂರ್ವ ಅದರಲ್ಲಿ ಉಳಿದರೆ ಕಲ್ಯಾಣ್ ಪಶ್ಚಿಮ ಭಿವಂಡಿ ಕ್ಷೇತ್ರದ ಪಾಲಾಯಿತು! 2024ರಲ್ಲಿ ಕಲ್ಯಾಣ್ ಕ್ಷೇತ್ರ ಶಿವಸೇನೆಯ ಶ್ರೀಕಾಂತ್ ಶಿಂದೆಯವರನ್ನೂ ಭಿವಂಡಿ ಕ್ಷೇತ್ರ ಶರದ್ ಪವಾರ್ ಪಕ್ಷದ ಸುರೇಶ್ ಮ್ಹಾತ್ರೆಯವರನ್ನೂ ಆರಿಸಿದವು. ನಿಲ್ದಾಣದ ಸೇತುವೆಯ ಮೇಲೆ ಭೇಟಿಯಾಗುವ ಅಣ್ಣತಮ್ಮಂದಿರಿಗೆ ಇಬ್ಬರು ಬೇರೆ ಬೇರೆ ಸಂಸದರು.

ಇದೆಲ್ಲದರ ನಡುವೆ ಕನ್ನಡಿಗ ಎಲ್ಲಿದ್ದ? ಮತಪೆಟ್ಟಿಗೆಗೆ ಮಾತೃಭಾಷೆ ತಿಳಿಯದು. ಆದ್ದರಿಂದ ‘ಕನ್ನಡಿಗರ ಮತ’ ಇಷ್ಟು, ಅದು ಇಂಥವರಿಗೆ ಬಿತ್ತು ಎಂದು ಎದೆ ತಟ್ಟಿ ಹೇಳುವವರ ಮಾತಿಗೆ ಆಧಾರವಿಲ್ಲ. ಆದರೆ ನಮ್ಮ ಸಮಾಜದ ನೆನಪಿಗೆ ಆಧಾರವಿದೆ. ಶಿವಸೇನೆ ಸ್ಥಾಪನೆಯಾದದ್ದು 1966ರ ಜೂನ್ 19ರಂದು. ಮರುವರ್ಷವೇ ಅದು ಮೊದಲ ಬಾರಿಗೆ ಅಧಿಕಾರ ಹಿಡಿದದ್ದು ಮುಂಬಯಿಯಲ್ಲಲ್ಲ, ಥಾಣೆ ನಗರಸಭೆಯಲ್ಲಿ. ‘ಮಾರ್ಮಿಕ್’ ವಾರಪತ್ರಿಕೆಯಲ್ಲಿ ದಕ್ಷಿಣ ಭಾರತೀಯ ಅಧಿಕಾರಿಗಳ ಹೆಸರುಗಳ ಪಟ್ಟಿ ಅಚ್ಚಾಗುತ್ತಿದ್ದ ದಿನಗಳವು. ಲುಂಗಿ ಉಟ್ಟು ಬೀದಿಗಿಳಿಯಲು ನಮ್ಮ ಹಿರಿಯರು ಹಿಂಜರಿಯುತ್ತಿದ್ದರು. 1969ರ ಫೆಬ್ರವರಿಯಲ್ಲಿ ಗಡಿ ಪ್ರಶ್ನೆಯ ಹೆಸರಿನಲ್ಲಿ ಮುಂಬಯಿ ಹೊತ್ತಿ ಉರಿದಾಗ ಉಡುಪಿ ಹೊಟೇಲುಗಳ ಗಾಜು, ಮೇಜು, ಗಲ್ಲಾಪೆಟ್ಟಿಗೆ ಚೂರಾದವು. ಬೆಳಗಾವಿ ಯಾರಿಗೆ ಸೇರಬೇಕೆಂಬ ಪ್ರಶ್ನೆಗೆ ಇಡ್ಲಿ ಬಡಿಸುವ ಹುಡುಗ ಉತ್ತರಿಸಬೇಕಾಗಿ ಬಂದಿತ್ತು.

ಇಪ್ಪತ್ತೈದು ಮೂವತ್ತು ವರ್ಷ ಕಳೆಯುವುದರೊಳಗೆ ಅದೇ ಹೊಟೇಲುಗಳ ಗಲ್ಲಾದ ಹಿಂದೆ ಬಾಳಾಸಾಹೇಬರ ಭಾವಚಿತ್ರ ತೂಗಿತು. ಅದನ್ನು ಬರಿಯ ಅಂಜಿಕೆ ಎಂದವರಿದ್ದಾರೆ, ವ್ಯಾಪಾರಬುದ್ಧಿ ಎಂದವರೂ ಇದ್ದಾರೆ. ನಮ್ಮ ದೃಷ್ಟಿಯಲ್ಲಿ ಎರಡೂ ಅರ್ಧ ಸತ್ಯ. ಸೇನೆಯ ಘೋಷಣೆ ಭಾಷೆಯಿಂದ ಧರ್ಮದ ಕಡೆಗೆ ಸರಿದಂತೆ ನಿನ್ನೆಯವರೆಗೆ ಹೊರಗಿದ್ದ ಕನ್ನಡಿಗ ಇದ್ದಕ್ಕಿದ್ದಂತೆ ಒಳಗಿನವನಾದ. ಅಲ್ಲದೆ ನಮ್ಮವರ ಹುಟ್ಟೂರುಗಳೂ ಅದೇ ಹೊತ್ತಿಗೆ ಅದೇ ದಿಕ್ಕಿಗೆ ಹೊರಳುತ್ತಿದ್ದವು. 1977ರಿಂದ ಜನಾರ್ದನ ಪೂಜಾರಿಯವರನ್ನು ಮತ್ತೆಮತ್ತೆ ಆರಿಸಿದ ಮಂಗಳೂರು 1991ರಲ್ಲಿ ಭಾಜಪದ ಧನಂಜಯ ಕುಮಾರರನ್ನು ಕಳಿಸಿತು. ದಕ್ಷಿಣ ಕನ್ನಡವೆಂದು ಹೆಸರು ಬದಲಾದ ಮೇಲೂ 2024ರವರೆಗೆ ಆ ಪಕ್ಷದ ಕೈಬಿಟ್ಟಿಲ್ಲ. ಐದು ಬಾರಿ ಆಸ್ಕರ್ ಫರ್ನಾಂಡಿಸರನ್ನು ಗೆಲ್ಲಿಸಿದ್ದ ಉಡುಪಿ 1998ರಲ್ಲಿ ಸೋಲಿಸಿತು. ವಿಜಾಪುರ 1999ರಲ್ಲಿ ತಿರುಗಿತು. ಡೊಂಬಿವಲಿಯ ಕನ್ನಡಿಗ ಮರಾಠಿ ನೆರೆಯವನಿಂದ ಕಲಿತನೋ, ಊರಿನ ತಮ್ಮನಿಂದ ಕಲಿತನೋ, ಬೇರ್ಪಡಿಸಿ ಹೇಳುವುದು ಕಷ್ಟ. ಅಂಚೆ, ಟೆಲಿಫೋನು, ಬೇಸಿಗೆ ರಜೆ ಇವುಗಳ ಮೂಲಕ ಎರಡು ಊರುಗಳ ರಾಜಕೀಯ ಒಂದರೊಳಗೊಂದು ಹರಿಯುತ್ತಲೇ ಇತ್ತು.

ಆದರೆ ಒಂದು ಪ್ರಶ್ನೆಯನ್ನು ನಾವು ನಮಗೇ ಕೇಳಿಕೊಳ್ಳದಿದ್ದರೆ ಅಪ್ರಾಮಾಣಿಕತೆಯಾದೀತು. 2008ರ ಅಕ್ಟೋಬರಿನಲ್ಲಿ ರೈಲ್ವೆ ಪರೀಕ್ಷೆ ಬರೆಯಲು ಬಂದ ಉತ್ತರ ಭಾರತದ ಯುವಕರನ್ನು ಮಹಾರಾಷ್ಟ್ರ ನವನಿರ್ಮಾಣ ಸೇನೆಯ ಕಾರ್ಯಕರ್ತರು ಥಳಿಸಿದರು. ಮರುವರ್ಷ ಕಲ್ಯಾಣ್ ಲೋಕಸಭಾ ಕ್ಷೇತ್ರದಲ್ಲಿ ಆ ಪಕ್ಷದ ವೈಶಾಲಿ ದರೇಕರ್ ಒಂದು ಲಕ್ಷಕ್ಕೂ ಹೆಚ್ಚು ಮತ ಪಡೆದರು. ವಿಧಾನಸಭೆಯಲ್ಲಿ ಕಲ್ಯಾಣ್ ಪಶ್ಚಿಮ, ಕಲ್ಯಾಣ್ ಗ್ರಾಮೀಣ ಎರಡೂ ಆ ಪಕ್ಷಕ್ಕೆ ದಕ್ಕಿದವು. ಆಗ ನಮ್ಮ ಸಭೆ ಸಮಾರಂಭಗಳಲ್ಲಿ, ಹೊಟೇಲುಗಳ ಹಿಂದಿನ ಕೋಣೆಗಳಲ್ಲಿ ಆ ಏಟಿನ ಬಗ್ಗೆ ಎಷ್ಟು ಖೇದವಿತ್ತು, ‘ಅವರಿಗೆ ಹಾಗೇ ಆಗಬೇಕು’ ಎಂಬ ಪಿಸುಮಾತು ಎಷ್ಟಿತ್ತು? 1969ರ ಗಾಜಿನ ಚೂರು ಗುಡಿಸಿದವರ ಮಕ್ಕಳು ಆ ಪಕ್ಷಕ್ಕೆ ಮತ ಹಾಕಿದ್ದರೆ ಅದು ಅವರ ಹಕ್ಕು. ಗುಪ್ತ ಮತದಾನವೆಂದರೆ ಅದೇ. ಹಾಕುವ ಮುನ್ನ ಅಪ್ಪನನ್ನು ಒಮ್ಮೆ ನೆನೆದಿದ್ದರೇ ಎಂದಷ್ಟೇ ನಮ್ಮ ಕುತೂಹಲ.

ಹಕ್ಕಿನ ಮಾತು ಬಂತು. ಇಲ್ಲಿಯೇ ನಮ್ಮ ನಿಜವಾದ ಕಳವಳವಿರುವುದು. ಕಲ್ಯಾಣ್ ಕ್ಷೇತ್ರದಲ್ಲಿ 2019ರಲ್ಲಿ ಮತ ಹಾಕಿದವರು ಶೇ. 45ರಷ್ಟು, ದೇಶದ ಸರಾಸರಿ ಶೇ. 67. 2024ರಲ್ಲಿ ಅದು ಹೇಗೋ ಶೇ. 50ನ್ನು ಮುಟ್ಟಿತು. ಅರ್ಧ ಊರು ಮನೆಯಲ್ಲಿ ಉಳಿದ ಚುನಾವಣೆಯಲ್ಲಿ ‘ಒಲವು ಬದಲಾಯಿತು’ ಎನ್ನುವುದಕ್ಕೆ ಏನರ್ಥ? ಬಾರದವರು ಬಂದಿದ್ದರೆ ಏನಾಗುತ್ತಿತ್ತೋ ಯಾವ ಕೋಷ್ಟಕವೂ ಹೇಳದು. ಆ ಬಾರದವರಲ್ಲಿ ನಮ್ಮವರೂ ಧಾರಾಳವಾಗಿ ಇದ್ದಾರೆಂಬುದು ಸಂಘದ ಯಾವ ಸದಸ್ಯರಿಗೂ ಗುಟ್ಟೇನಲ್ಲ. 2024ರಲ್ಲಿ ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಏಪ್ರಿಲ್ 26ಕ್ಕೆ, ಉತ್ತರ ಕರ್ನಾಟಕದಲ್ಲಿ ಮೇ 7ಕ್ಕೆ ಮತದಾನವಾಯಿತು. ಮದುವೆ, ಉಪನಯನ, ನೇಮ, ಜಾತ್ರೆಗಳ ಕಾಲ. ಊರಿಗೆ ಹೋದವರು ಅಲ್ಲಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡರು. ಮೇ 20ರಂದು ಇಲ್ಲಿ ಮತಗಟ್ಟೆ ತೆರೆದಾಗ ಹಲವರ ಮನೆಗೆ ಬೀಗ. ಕೆಲವರು ಮರಳಿದ್ದರೂ ಅವರ ಹೆಸರು ಇಲ್ಲಿನ ಪಟ್ಟಿಯಲ್ಲಿರಲಿಲ್ಲ.

ಊರಿಗೆ ಹೋಗಿ ಮತ ಹಾಕುವುದರಲ್ಲಿ ಒಂದು ಪ್ರೀತಿ ಇದೆ. ಅದನ್ನು ಹಳಿಯಲು ನಮಗೆ ಮನಸ್ಸಿಲ್ಲ. ಅಲ್ಲಿ ಮನೆಯಿದೆ, ದೈವದ ಗುಡಿಯಿದೆ, ನಾಲ್ಕು ಎಕರೆ ಜಮೀನಿದೆ, ನಿವೃತ್ತಿಯ ಮೇಲೆ ಹೋಗಿ ನೆಲೆಸುವ ಕನಸಿದೆ. ಆದರೆ 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಈ ವಿಷಯದಲ್ಲಿ ಭಾವುಕವಾಗಿಲ್ಲ. ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತೀರೋ ಅಲ್ಲಿಯ ಪಟ್ಟಿಯಲ್ಲಿ ನಿಮ್ಮ ಹೆಸರು ಇರತಕ್ಕದ್ದು ಎನ್ನುತ್ತದೆ ಅದು. ಒಂದೂರಿನಲ್ಲಿ ಮನೆ ಇದೆಯೆಂಬ ಮಾತ್ರಕ್ಕೆ ಅಲ್ಲಿಯ ವಾಸಿಯೆಂದು ಪರಿಗಣಿಸಲಾಗದು ಎಂದು ಅದರ 20ನೆಯ ಕಲಮು ಬಿಡಿಸಿ ಹೇಳುತ್ತದೆ. ಎರಡು ಕ್ಷೇತ್ರಗಳಲ್ಲಿ ಹೆಸರಿರುವುದನ್ನು 17ನೆಯ ಕಲಮು ನಿಷೇಧಿಸುತ್ತದೆ. ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಸೆರೆವಾಸವೂ ಆಗಬಹುದು. ಮೂವತ್ತು ವರ್ಷ ಡೊಂಬಿವಲಿಯಲ್ಲಿ ನೀರಿನ ತೆರಿಗೆ ಕಟ್ಟಿ, ಇಲ್ಲಿಯ ಶಾಲೆಯಲ್ಲಿ ಮಕ್ಕಳನ್ನು ಓದಿಸಿ, ಕಾರ್ಕಳದಲ್ಲಿ ಮತ ಹಾಕುವವರು ಕಾನೂನಿನ ಕಣ್ಣಿನಲ್ಲಿ ಎಲ್ಲಿಯವರು? ಅದಿರಲಿ, ಅವರ ದಿನನಿತ್ಯದ ಕಷ್ಟ ಯಾವ ಶಾಸಕರ ಲೆಕ್ಕಕ್ಕೂ ಸೇರದು. ಗಾಡಿಯಿಂದ ಬಿದ್ದು ಸಾಯುವವರು, ಕೊಳಾಯಿಗೆ ಬಾರದ ನೀರು, ಮಕ್ಕಳಿಲ್ಲದೆ ಮುಚ್ಚುತ್ತಿರುವ ಕನ್ನಡ ಮಾಧ್ಯಮದ ತರಗತಿಗಳು, ಇವು ಕಾರ್ಕಳದ ಶಾಸಕರ ಕೈಯಲ್ಲಿಲ್ಲ.

ಸೇನೆಯವರು ನಮ್ಮ ಹೊಟೇಲಿಗೆ ಕಲ್ಲು ಬಿಟ್ಟು ಕೈ ಮುಗಿದು ಬಂದದ್ದು ಒಮ್ಮೆಗೇ ಮನಸ್ಸು ಕರಗಿ ಅಲ್ಲ. ಬಡಾವಣೆಗಳಲ್ಲಿ ಶೆಟ್ಟಿ, ಪೂಜಾರಿ, ಹಿರೇಮಠ, ಕುಲಕರ್ಣಿಗಳ ಹೆಸರು ಮತದಾರರ ಪಟ್ಟಿಯಲ್ಲಿ ಏರುತ್ತ ಹೋದುದೂ ಅದಕ್ಕೊಂದು ಕಾರಣ. ಇದನ್ನು ಕೃತಜ್ಞತೆಯಿಲ್ಲದ ಮಾತೆಂದು ಯಾರಾದರೂ ಭಾವಿಸಿದರೆ ಅವರು 2024ರ ಬೇಲಾಪುರದ ಫಲಿತಾಂಶವನ್ನು ನೋಡಲಿ. ಮಂದಾ ಮ್ಹಾತ್ರೆಯವರು ಸಂದೀಪ್ ನಾಯಕರನ್ನು ಸೋಲಿಸಿದ್ದು 377 ಮತಗಳಿಂದ. ನವಿ ಮುಂಬಯಿಯ ಒಂದೇ ದೊಡ್ಡ ಸೊಸೈಟಿಯಲ್ಲಿ ಅಷ್ಟು ಮತದಾರರಿರುತ್ತಾರೆ.

ಇದರರ್ಥ ಸಂಘ ಸಂಸ್ಥೆಗಳು ‘ನಮ್ಮ ಸಮಾಜದ ಇಷ್ಟು ಸಾವಿರ ಮತ ನಿಮಗೇ’ ಎಂದು ವೇದಿಕೆಯ ಮೇಲೆ ಶಾಲು ಹೊದಿಸುತ್ತ ವಾಗ್ದಾನ ಕೊಡಬೇಕೆಂದಲ್ಲ. ಚುನಾವಣೆ ಸಮೀಪಿಸಿದಾಗ ಅಭ್ಯರ್ಥಿಗಳನ್ನು ಕರೆದು ಹಾರ ಹಾಕುವ ಚಟ ನಮ್ಮಲ್ಲಿ ಈಚೆಗೆ ಬೆಳೆದಿದೆ. ಯಾರು ಯಾರ ಮತವನ್ನು ಯಾರಿಗೆ ಕೊಡಬಲ್ಲರು? ಗಂಡ ಹೆಂಡತಿಯೇ ಬೇರೆ ಬೇರೆ ಗುಂಡಿ ಒತ್ತುವ ಕಾಲವಿದು, ಒತ್ತಬೇಕಾದದ್ದೂ ಹೌದು. ಕನ್ನಡಿಗರೆಲ್ಲ ಒಂದೇ ಕಡೆ ನಿಲ್ಲಬೇಕೆಂಬ ಕರೆಯನ್ನು ಈ ಪತ್ರಿಕೆ ಒಪ್ಪುವುದಿಲ್ಲ. ಆದರೆ ಕನ್ನಡಿಗರೆಲ್ಲ ಇಲ್ಲಿಯ ಪಟ್ಟಿಯಲ್ಲಿರಬೇಕೆಂಬುದರಲ್ಲಿ ನಮಗೆ ಅನುಮಾನವಿಲ್ಲ. ಸಂಘ ಸಾಂಸ್ಕೃತಿಕ ಸಂಸ್ಥೆ, ಅದಕ್ಕೆ ರಾಜಕೀಯವೇಕೆ ಎಂದು ಆಕ್ಷೇಪಿಸುವ ಹಿರಿಯರಿದ್ದಾರೆ. ಪಟ್ಟಿಯಲ್ಲಿ ಹೆಸರು ಬರೆಸುವುದು ಯಾವ ಪಕ್ಷದ ರಾಜಕೀಯವೂ ಅಲ್ಲ. ರೇಷನ್ ಕಾರ್ಡ್ ಮಾಡಿಸಿದಷ್ಟೇ ಸಾಮಾನ್ಯವಾದ ಗೃಹಕೃತ್ಯ.

ಅದಕ್ಕೆ ಈಗ ಹೆಚ್ಚಿನ ಓಡಾಟವೂ ಬೇಡ. ಹೊಸದಾಗಿ ಹೆಸರು ಸೇರಿಸಲು ನಮೂನೆ 6. ಊರಿನ ಪಟ್ಟಿಯಿಂದ ಇಲ್ಲಿಗೆ ವರ್ಗಾಯಿಸಿಕೊಳ್ಳಲು ನಮೂನೆ 8. ಮದುವೆಯಾಗಿ ಬಂದು ಹತ್ತು ವರ್ಷವಾದರೂ ತವರಿನ ಪಟ್ಟಿಯಲ್ಲೇ ಉಳಿದಿರುವ ಹೆಣ್ಣುಮಕ್ಕಳಿಗೂ ಇದೇ ನಮೂನೆ ಸಾಕು. ಹದಿನೇಳು ತುಂಬಿದವರು ಮುಂಗಡವಾಗಿ ಅರ್ಜಿ ಕೊಡಬಹುದು. ಹಿಂದೆ ವರ್ಷಕ್ಕೆ ಜನವರಿ 1 ಒಂದೇ ಅರ್ಹತಾ ದಿನವಾಗಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ 1ನೆಯ ತಾರೀಕುಗಳೂ ಸೇರಿ ನಾಲ್ಕಾಗಿವೆ, ನಮ್ಮ ತ್ರೈಮಾಸಿಕದ ಸಂಚಿಕೆಗಳಷ್ಟೇ. ಸಂಘದ ವಾಚನಾಲಯ ತೆರೆದಿರುವ ಭಾನುವಾರಗಳಲ್ಲಿ ಒಂದು ಮೇಜು ಹಾಕಿ, ಮರಾಠಿ ಓದಲು ಬಾರದ ಹಿರಿಯರಿಗೂ ಕಟ್ಟಡ ಕೆಲಸದ ನಮ್ಮ ಕಲಬುರಗಿ, ವಿಜಯಪುರದ ಕೂಲಿಕಾರರಿಗೂ ನಮೂನೆ ತುಂಬಿಕೊಡುವ ಏರ್ಪಾಡು ಮಾಡಲು ನಾಲ್ವರು ತರುಣ ತರುಣಿಯರು ಸಾಕು. ಮುಂದಿನ ಅರ್ಹತಾ ದಿನಕ್ಕೆ ಮೊದಲೇ ಕಾರ್ಯಕಾರಿ ಸಮಿತಿ ಇದನ್ನು ಕೈಗೆತ್ತಿಕೊಳ್ಳಲಿ. ಪೆನ್ನು ನಾವು ತರುತ್ತೇವೆ.